ನಾಮಂಜೂರಿಗೆ ಕಾರಣ

ಶಾಲೆಯ ಬಾಗಿಲಿಗೆ ಓಟದವರ ಪಟ್ಟಿ ಅಂಟಿಸಿದವನು ಡ್ರಿಲ್ ಮಾಸ್ತರ ಗುರಣ್ಣನೇ. ಬೆರಳಿಗೆ ಹತ್ತಿದ ಅಂಟನ್ನು ಖಾಕಿ ಚಡ್ಡಿಗೆ ಒರೆಸಿಕೊಂಡು, ಅಲ್ಲಿ ನಿಲ್ಲಲಾರದೆ ಮೈದಾನಕ್ಕೆ ಹೋದ. ಮೈದಾನದಲ್ಲಿ ಮಾಡುವ ಕೆಲಸವೇನೂ ಇರಲಿಲ್ಲ. ಅಭ್ಯಾಸದ ಓಟಕ್ಕೆ ಸುಣ್ಣದ ಗೆರೆ ಮೊನ್ನೆಯೇ ಹಾಕಿ ಆಗಿತ್ತು. ಆ ಗೆರೆಯ ಮೇಲೆಯೇ ಎರಡು ಸುತ್ತು ನಡೆದ, ಮೂರನೆಯದಕ್ಕೆ ಹೊರಟ.

1943ರ ಸಂಕ್ರಾಂತಿ ಮುಗಿದ ವಾರ ಅದು. ಆಳಂದ, ಅಫಜಲಪುರ, ಜೇವರ್ಗಿ, ಈ ಮೂರು ಊರಿನ ಮಿಡಲ್ ಶಾಲೆಗಳು ಸೇರಿ ವರ್ಷಕ್ಕೊಮ್ಮೆ ಆಟದ ಪಂದ್ಯ ನಡೆಸುತ್ತಿದ್ದವು. ಅದರಲ್ಲಿ ಒಂದು ಮೈಲಿ ಓಟಕ್ಕೆ ಎಲ್ಲಿಲ್ಲದ ಬೆಲೆ. ಗೆದ್ದವನಿಗೆ ಕಲಬುರ್ಗಿಯಲ್ಲಿ ಹೈಸ್ಕೂಲು ಮುಗಿಯುವ ತನಕ ಒಂದು ಖಾಸಗಿ ಬೋರ್ಡಿಂಗಿನಲ್ಲಿ ಊಟ, ವಸತಿ ಪುಕ್ಕಟೆ. ಯಾರು ಓಡಬಹುದು, ಯಾರು ಓಡಬಾರದು ಎಂದು ನಿರ್ಧಾರ ಮಾಡಲು ಮೂವರ ಕಮಿಟಿ ಇತ್ತು. ಜೇವರ್ಗಿಯ ಕಡೆಯಿಂದ ಗುರಣ್ಣ ಆ ಮೂವರಲ್ಲಿ ಒಬ್ಬ.

ಬೆನ್ನ ಹಿಂದೆ ಹೆಜ್ಜೆ ಸಪ್ಪಳವಾಯಿತು. ತಿರುಗದೆಯೇ ಯಾರೆಂದು ತಿಳಿಯಿತು. ಬರಿಗಾಲಲ್ಲಿ ಅಷ್ಟು ಹಗುರಾಗಿ ನಡೆಯುವವನು ಆ ಶಾಲೆಯಲ್ಲಿ ಮಲ್ಕಪ್ಪನೊಬ್ಬನೇ. ಹದಿನೇಳರ ಹುಡುಗ. ಭೂಸನೂರಿನವನು, ಮೊದಲು ಆಳಂದದ ಶಾಲೆಯಲ್ಲಿ ಓದುತ್ತಿದ್ದ. ಕಬ್ಬು ಕಡಿಯುತ್ತಿದ್ದ ತಂದೆ ಪೀರಪ್ಪ ಜ್ವರ ಬಂದು ಎಂಟೇ ದಿನದಲ್ಲಿ ತೀರಿಕೊಂಡ ಮೇಲೆ ತಾಯಿ ಅಂಬುಬಾಯಿ ಇಜೇರಿಯ ತವರಿಗೆ ಬಂದಳು. ಮಗ ಜೇವರ್ಗಿಯ ಊರಾಚೆಯ ಕೇರಿಯಲ್ಲಿ ದೊಡ್ಡವ್ವನ ಮನೆಯಲ್ಲಿದ್ದುಕೊಂಡು ಇಲ್ಲಿಯ ಶಾಲೆ ಸೇರಿದ್ದ. ಸೇರಿ ನಾಲ್ಕು ತಿಂಗಳಾಗಿತ್ತು.

"ಪಟ್ಯಾಗ ನನ್ನ ಹೆಸರು ಇಲ್ಲರಿ ಮಾಸ್ತರ. ಬರಿಯಾಕ ಮರ್ತಾರೇನ್ರಿ?"

"ಮರ್ತಿಲ್ಲ. ಕಮಿಟಿ ನಾಮಂಜೂರ ಮಾಡ್ಯದ."

"ಯಾಕಂತ್ರಿ?"

ಗುರಣ್ಣ ಸೀಟಿಯ ದಾರವನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಹೊಸ ಶಾಲ್ಯಾಗ ಆರು ತಿಂಗಳು ಓದಿರಬೇಕು ಅಂತ ಕಾನೂನು ಅದಲ್ಲೋ."

"ಮನಿ ಕಷ್ಟಕ್ಕ ಶಾಲಿ ಬಿಟ್ಟವರಿಗೆ ರಿಯಾಯ್ತಿ ಅದ ಅಂತ ನೀವ ಹೇಳಿದ್ರೆಲ್ರಿ. ನೀವ ಅರ್ಜಿ ಬರಸಿದ್ರಿ." ಹುಡುಗನ ದನಿಯಲ್ಲಿ ಸಿಟ್ಟಿರಲಿಲ್ಲ, ಲೆಕ್ಕ ತಪ್ಪಿದಾಗ ಮತ್ತೆ ಕೂಡಿಸಿ ನೋಡುವವನ ದನಿ ಇತ್ತು. "ಅದು ಯಾಕ ಆಗಲಿಲ್ಲಂತ ಬರದಾರೇನ್ರಿ?"

"ಇಲ್ಲ."

"ನೀವು ಅಲ್ಲೇ ಇದ್ರೇನ್ರಿ?"

"ಇದ್ದೆ. ನನ್ನ ಮಾತು ನಡೀಲಿಲ್ಲ."

ಮಲ್ಕಪ್ಪ "ಆಯ್ತು ಬಿಡ್ರಿ" ಎಂದು ಹೋದ. ಗುರಣ್ಣ ಮತ್ತೆ ಗೆರೆಯ ಮೇಲೆ ನಡೆಯತೊಡಗಿದ. ನನ್ನ ಮಾತು ನಡೆಯಲಿಲ್ಲ ಎಂದಿದ್ದು ಸುಳ್ಳು. ನಡೆಯುವುದಕ್ಕೆ ಅಲ್ಲಿ ಅವನು ಮಾತೇ ಆಡಿರಲಿಲ್ಲ.

ಶನಿವಾರ ಅಫಜಲಪುರದಲ್ಲಿ ಅರಳೆ ವ್ಯಾಪಾರಿ ಕಲ್ಯಾಣಪ್ಪನ ಅಂಗಡಿಯ ಮಾಳಿಗೆಯ ಮೇಲೆ ಕಮಿಟಿ ಕೂಡಿತ್ತು. ಕಲ್ಯಾಣಪ್ಪ ಕಮಿಟಿಯ ಅಧ್ಯಕ್ಷ, ಗೆದ್ದವರಿಗೆ ಕಪ್ಪು ಕೊಡುವವನು, ಬೋರ್ಡಿಂಗೂ ಅವನದೇ. ಬರೆದುಕೊಳ್ಳುವವರು ಆಳಂದ ಶಾಲೆಯ ಹೆಡ್‌ಮಾಸ್ತರ ಖುರ್ಷಿದ ಸಾಹೇಬರು. ಶಾಲೆ ಬದಲಿಸಿದವರ ಅರ್ಜಿ ಎರಡೇ ಇದ್ದವು. ಒಂದು ಮಲ್ಕಪ್ಪನದು. ಇನ್ನೊಂದು ಆಳಂದ ಕಡೆಯ ಜಮೀನುದಾರ ಜಗದೇವಪ್ಪನ ಮಗ ರೇವಣಸಿದ್ದನದು. ಅವನು ಆಳಂದ ಬಿಟ್ಟು ಅಫಜಲಪುರ ಶಾಲೆ ಸೇರಿ ಎರಡು ತಿಂಗಳೂ ತುಂಬಿರಲಿಲ್ಲ. ಹೋಳಿಗೆ ಊಟ ಮುಗಿದಿತ್ತು. ಕಲ್ಯಾಣಪ್ಪ ಎರಡೂ ಅರ್ಜಿಗಳನ್ನು ಮಡಚಿಟ್ಟು, "ರೇವಣಸಿದ್ದಂದು ಮಂಜೂರ, ಇನ್ನೊಂದು ನಾಮಂಜೂರ" ಎಂದ. ಖುರ್ಷಿದ ಸಾಹೇಬರು ಬರೆದರು. ಗುರಣ್ಣನ ಮುಂದೆ ರಿಜಿಸ್ಟರು ಬಂತು. ಕೆಳಗೆ ಬಸ್ಸಿನವನು ಹಾರ್ನು ಹೊಡೆಯುತ್ತಿದ್ದ. "ನಿಮ್ಮ ಕಾಯಂ ನೌಕರಿ ಕಾಗದ ವಿದ್ಯಾ ಇಲಾಖೆಯ ತಾಲೀಮ ಕಚೇರ್ಯಾಗ ಅದ ಅಂತಲ್ಲ ಮಾಸ್ತರ, ಅಲ್ಲಿ ಸಾಹೇಬರಿಗೆ ಒಂದು ಮಾತು ಹೇಳ್ತೇನಿ" ಎಂದು ಕಲ್ಯಾಣಪ್ಪ ಎಲೆ ಅಡಿಕೆಯ ತಟ್ಟೆ ಮುಂದಕ್ಕೆ ಸರಿಸಿದ್ದ. ಗುರಣ್ಣ ಸಹಿ ಹಾಕಿ ಮೆಟ್ಟಿಲಿಳಿದಿದ್ದ.

ಪಟ್ಟಿ ಅಂಟಿಸಿದ ದಿನ ರಾತ್ರಿ ಮನೆಯಲ್ಲಿ ಊಟಕ್ಕೆ ಕೂತವನು ಎರಡು ಸಲ ಎದ್ದ. ಒಮ್ಮೆ ನೀರಿಗೆ, ಒಮ್ಮೆ ಸುಮ್ಮನೆ.

"ಕುಂಡ್ಯಾಗ ಮುಳ್ಳು ಚುಚ್ಚ್ಯಾವೇನು?" ಎಂದಳು ಹೆಂಡತಿ ಗೌರಾಬಾಯಿ.

ಹೇಳಿದ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸದೆ ಕೇಳಿದಳು. ಕೊನೆಗೆ, "ಆ ಹುಡುಗ ಕೇಳಿದ್ದು ಓಡಸ್ರಿ ಅಂತ ಅಲ್ಲಲ್ಲ. ಯಾಕ ಅಂತ ಕೇಳ್ಯಾನ. ಅಷ್ಟು ಹೇಳಾಕ ನಿಮಗ ಬಾಯಿ ಇಲ್ಲೇನು?" ಎಂದಳು.

"ನನಗ ಗೊತ್ತಿದ್ರ ಹೇಳ್ತಿದ್ದೆ."

"ನಿಮಗ ಗೊತ್ತದ" ಎಂದು ಗೌರಾಬಾಯಿ ರೊಟ್ಟಿಯನ್ನು ಹಂಚಿನ ಮೇಲೆ ತಿರುವಿದಳು.

ಮರುದಿನ ಅಂಬುಬಾಯಿ ಇಜೇರಿಯಿಂದ ನಡೆದುಕೊಂಡೇ ಬಂದಳು. ಶಾಲೆಯ ಕಟ್ಟೆ ಏರಲಿಲ್ಲ, ಬೇವಿನ ಗಿಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕಾದಳು. ಗುರಣ್ಣ ಹೊರಗೆ ಬಂದಾಗ ಎದ್ದು ನಿಂತು, ಸೆರಗು ಸರಿ ಮಾಡಿಕೊಂಡು ಕೇಳಿದಳು.

"ಮಗ ಏನರ ಕದ್ದಾನೇನ್ರಿ?"

"ಇಲ್ಲವ್ವ. ಹಂಗ್ಯಾಕಂತಿ?"

"ನಿನ್ನಿ ಸಂಜಿಕ ಇಜೇರಿಗೆ ಬಂದು ಹೆಸರು ತಗದಾರ ಅಂದ. ಯಾಕ ಅಂದ್ರ ಗೊತ್ತಿಲ್ಲ ಅಂತಾನ. ಊರಾಗ ಮಂದಿ ಕೇಳಾಕತ್ತಾರರಿ. ಏನೋ ಮಾಡಿರ್ತಾನ, ಇಲ್ಲಂದ್ರ ಯಾಕ ತಗೀತಾರ ಅಂತಾರ. ರಾತ್ರೆಲ್ಲ ನಾನೂ ಅವನ್ನ ಬಡದ ಕೇಳೀನ್ರಿ. ಖರೆ ಹೇಳು ಅಂತ. ಕಾರಣ ಒಂದು ಚೀಟ್ಯಾಗ ಬರದು ಕೊಡ್ರಿ. ಕೆಟ್ಟದ್ದಿದ್ರೂ ನಡೀತದ. ಓದಿಸಿ ಕೇಳ್ಕೋತೇನಿ."

ಗುರಣ್ಣನಿಗೆ ಆಮೇಲೆ ಪಾಠ ಹೇಳಲಾಗಲಿಲ್ಲ. ತನ್ನ ಶಾಲೆಯ ಹೆಡ್‌ಮಾಸ್ತರನ ಹತ್ತಿರ ಎರಡು ದಿನ ರಜೆ ಕೇಳಿ, ಮೈ ಮೇಲಿನ ಬಟ್ಟೆಯಲ್ಲೇ ಹೊರಟ. ಪಂದ್ಯ ಶುಕ್ರವಾರ. ಕೈಯಲ್ಲಿ ಉಳಿದದ್ದು ಎರಡೇ ದಿನ. ಭೀಮಾ ನದಿಯನ್ನು ಹರಗೋಲಿನಲ್ಲಿ ದಾಟುವಾಗ ಅಂಬಿಗ, "ಕೂಡ್ರಿ ಮಾಸ್ತರ, ಹರಗೋಲು ವಾಲಾಕತ್ತದ" ಎಂದು ಎರಡು ಸಲ ಹೇಳಬೇಕಾಯಿತು. ಆಚೆ ದಂಡೆಯಿಂದ ಯುದ್ಧಕಾಲದ ಇದ್ದಿಲ ಗ್ಯಾಸಿನ ಬಸ್ಸು ಕಲಬುರ್ಗಿ ಮುಟ್ಟುವುದರೊಳಗೆ ಮೂರು ಕಡೆ ನಿಂತಿತು. ನಿಂತಾಗಲೆಲ್ಲ ಗುರಣ್ಣ ಇಳಿದು ಬಸ್ಸಿನ ಸುತ್ತ ತಿರುಗಿದ. ಡ್ರೈವರ ಒಲೆಗೆ ಇದ್ದಿಲು ತುಂಬುವುದನ್ನು ನಿಂತು ನೋಡುವಷ್ಟು ಸಹನೆಯೂ ಅವನಲ್ಲಿರಲಿಲ್ಲ.

ಬುಧವಾರ ಮುಂಜಾನೆ ಆಳಂದದಲ್ಲಿ ಖುರ್ಷಿದ ಸಾಹೇಬರ ಮನೆಯ ಬಾಗಿಲು ಬಡಿದ. ಅರವತ್ತರ ಹತ್ತಿರದ ಸಣಕಲು ಮನುಷ್ಯ, ಮೂಗಿನ ತುದಿಯ ಕನ್ನಡಕದ ಮೇಲಿಂದ ನೋಡಿ, ಯಾಕೆ ಬಂದಿರಿ ಎಂದು ಕೇಳದೆ ರಿಜಿಸ್ಟರು ತಂದಿಟ್ಟರು. ಉರ್ದುವಿನಲ್ಲಿ ಸಾಫಾಗಿ ಬರೆದಿತ್ತು. ಮಲ್ಕಪ್ಪ ವಲ್ದ ಪೀರಪ್ಪ, ಅಂದರೆ ಪೀರಪ್ಪನ ಮಗ ಮಲ್ಕಪ್ಪ, ನಾಮಂಜೂರ. ಅದರ ಮುಂದೆ ಖಾಲಿ ಕಾಗದ. ಅರ್ಜಿಯ ಜೊತೆ ಪೀರಪ್ಪ ತೀರಿಕೊಂಡದ್ದಕ್ಕೆ, ಮನೆಯವರು ಊರು ಬಿಟ್ಟದ್ದಕ್ಕೆ ಸಾಕ್ಷಿಯ ಪತ್ರ ಇತ್ತು. ಬರೆದು ಸಹಿ ಹಾಕಿದವರು ಸ್ವತಃ ಖುರ್ಷಿದ ಸಾಹೇಬರು.

"ಪತ್ರ ನಿಮ್ಮದ ಅದ. ನಾಮಂಜೂರ ಅಂತ ಬರದ ಕೈನೂ ನಿಮ್ಮದ" ಎಂದ ಗುರಣ್ಣ.

"ಹೌದು. ಕೆಳಗ ಸಹಿ ನಿಮ್ಮದು." ಮುದುಕರು ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದರು. "ಆ ಹುಡುಗ ಐದು ವರ್ಷ ನನ್ನ ಶಾಲ್ಯಾಗ ಓದ್ಯಾನ, ಮಾಸ್ತರ. ನಾಲ್ಕು ದಿನದಿಂದ ನನಗೂ ನಿದ್ದಿ ಇಲ್ಲ. ಆದ್ರ ನಿಮ್ಮಂಗ ಬಸ್ ಹತ್ತೋ ಧೈರ್ಯ ಬರಲಿಲ್ಲ."

ರೇವಣಸಿದ್ದನ ಅರ್ಜಿಯಲ್ಲಿ ಕಾರಣ ಬರೆದಿತ್ತು. ತಂದೆ ಜಗದೇವಪ್ಪನವರಿಗೆ ಎದೆಯ ಬೇನೆ, ಹವಾ ಬದಲಿಗಾಗಿ ಅಫಜಲಪುರದಲ್ಲಿ ವಾಸ, ಸೇವೆಗೆ ಮಗ ಜೊತೆಗಿರಬೇಕು.

"ಜಗದೇವಪ್ಪ ಈಗ ಎಲ್ಲಿದ್ದಾರ?"

"ಇಲ್ಲೇ. ನಿನ್ನೆ ಸಂತ್ಯಾಗ ಎತ್ತಿನ ಹಲ್ಲು ಎಣಸ್ತಿದ್ದರು" ಎಂದರು ಸಾಹೇಬರು. ನಗಲಿಲ್ಲ.

ಗುರಣ್ಣ ಎರಡೂ ಅರ್ಜಿಗಳನ್ನು ಅಕ್ಷರ ಬಿಡದೆ ನಕಲು ಮಾಡಿಕೊಂಡ. ಬರೆದ ಕಾಗದದ ಕೆಳಗೆ 'ಅಸಲಿನಂತೆ ಸರಿ ಇದೆ' ಎಂದು ಖುರ್ಷಿದ ಸಾಹೇಬರು ಬರೆದು, ಮುದ್ರೆ ಒತ್ತಿಕೊಟ್ಟರು.

ಗುರುವಾರ ಮಧ್ಯಾಹ್ನ ಅಫಜಲಪುರದ ಅಂಗಡಿಯಲ್ಲಿ ಕಲ್ಯಾಣಪ್ಪ ಅರಳೆಯ ಅಂಡಿಗೆಗಳ ನಡುವೆ ಕೂತಿದ್ದ. ಕೆಟ್ಟ ಮನುಷ್ಯನಲ್ಲ. ಬರದ ವರ್ಷ ಗಂಜಿ ಕೇಂದ್ರ ನಡೆಸಿದವನು, ಯಾರ ಜೊತೆಗೂ ದನಿ ಏರಿಸದವನು. ಗುರಣ್ಣನಿಗೆ ನೀರು ಕೊಡಿಸಿ, ಹೇಳುವುದನ್ನೆಲ್ಲ ಕೇಳಿದ.

"ಕಾನೂನು ಎಲ್ಲರಿಗೂ ಒಂದ ಮಾಸ್ತರ. ಆರು ತಿಂಗಳು."

"ರೇವಣಸಿದ್ದಗ ಎರಡ ತಿಂಗಳು ಆಗ್ಯಾವರಿ."

"ಅದಕ್ಕ ರಿಯಾಯ್ತಿ ಕೊಟ್ಟೇವಿ. ತಂದಿಗೆ ಆರಾಮಿಲ್ಲ."

"ಜಗದೇವಪ್ಪನೋರು ಆಳಂದ ಸಂತ್ಯಾಗ ತಿರಗಾಕತ್ತಾರರಿ. ಮಲ್ಕಪ್ಪನ ತಂದಿ ಮಣ್ಣಾಗ್ಯಾನ. ರಿಯಾಯ್ತಿ ಯಾರಿಗಿರಬೇಕ್ರಿ?"

ಕಲ್ಯಾಣಪ್ಪ ಅಂಡಿಗೆಯಿಂದ ಇಣುಕುತ್ತಿದ್ದ ಅರಳೆಯನ್ನು ಒಳಗೆ ತುರುಕಿದ. ಸುತ್ತ ನೋಡಿ, ದನಿ ತಗ್ಗಿಸಿದ. "ನೀವೂ ಲಿಂಗ ಕಟ್ಟಿದವರು, ತಿಳ್ಕೋರಿ. ಆ ಹುಡುಗ ಓಡಿದ್ರ ಗೆಲ್ತಾನ. ಗೆದ್ರ ನನ್ನ ಬೋರ್ಡಿಂಗಿಗೆ ಬರ್ತಾನ. ಅಲ್ಲಿ ಮೂವತ್ತು ಹುಡುಗರು ಒಂದ ಸಾಲಿನ್ಯಾಗ ಉಣ್ತಾರ. ಕೇರಿ ಹುಡುಗನ್ನ ಎಲ್ಲಿ ಕುಂದ್ರಸಲಿ? ಮರುದಿನ ಅರ್ಧ ಬೋರ್ಡಿಂಗು ಖಾಲಿ ಆಗ್ತದ. ಒಬ್ಬನ ಸಲುವಾಗಿ ಮೂವತ್ತು ಮಂದಿ ಓದು ಕೆಡಸಲೇನು?"

ಗುರಣ್ಣನಿಗೆ ಇದು ಹೊಸದಾಗಿರಲಿಲ್ಲ. ಶನಿವಾರ ಮಾಳಿಗೆಯ ಮೇಲೆ ಅರ್ಜಿ ಮಡಚುವಾಗಲೇ ಗೊತ್ತಿತ್ತು. ಗೌರಾಬಾಯಿ ಹೇಳಿದಂತೆ, ಗೊತ್ತಿತ್ತು. ಆದರೆ ಬಾಯಿಬಿಟ್ಟು ಹೇಳಿದ್ದನ್ನು ಕೇಳಿದಾಗ ಕಿವಿ ಕಾದವು.

"ಹಂಗಿದ್ರ ಅದನ್ನ ಬರದು ಕೊಡ್ರಿ" ಎಂದ. "ಈಗ ಹೇಳಿದ್ದನ್ನ. ಅವನ ಅವ್ವ ಚೀಟಿ ಕೇಳ್ಯಾಳ."

"ಇಂಥಾ ಮಾತು ಯಾರಾದ್ರೂ ಬರೀತಾರೇನು?"

"ಬರಿಯಾಕ ಆಗಲಾರದ್ದನ್ನ ಮಾಡೂದು ಹೆಂಗರಿ?"

ಕಲ್ಯಾಣಪ್ಪ, "ನಿಮ್ಮ ಕಾಯಂ ಕಾಗದದ ಬಗ್ಗೆ ನಾ ಇನ್ನೂ ಕಚೇರಿ ಸಾಹೇಬರಿಗೆ ಮಾತಾಡಿಲ್ಲ" ಎಂದಷ್ಟೇ ಹೇಳಿ ತಕ್ಕಡಿಯ ಕಡೆಗೆ ತಿರುಗಿದ.

ಗುರಣ್ಣ ಆ ಸಂಜೆಯೆಲ್ಲ ಅಫಜಲಪುರದ ಓಣಿಗಳಲ್ಲಿ ನಡೆದ. ನೌಕರಿ ಹೋದರೆ ಗೌರಾಬಾಯಿಗೆ ಏನು ಹೇಳುವುದು ಎಂದು ಯೋಚಿಸಿದ. ಅವಳು ಏನು ಹೇಳುತ್ತಾಳೆ ಎಂಬುದು ಗೊತ್ತಿದ್ದುದರಿಂದ ಆ ಯೋಚನೆ ಮುಂದೆ ಬೆಳೆಯಲಿಲ್ಲ.

ಶುಕ್ರವಾರ ಅಫಜಲಪುರದ ಮೈದಾನದ ಸುತ್ತ ಐನೂರು ಜನ ನೆರೆದಿದ್ದರು. ಬಂಡಿಗಳ ಮೇಲೆ ನಿಂತವರು, ಗಿಡ ಏರಿದವರು. ಜೇವರ್ಗಿಯ ಹುಡುಗರ ಜೊತೆ ಮಲ್ಕಪ್ಪನೂ ಬಂದಿದ್ದ, ಅವರ ಅಂಗಿ ಚಪ್ಪಲಿ ಕಾಯಲು. ಓಟ ಶುರುವಾಗುವ ಮುಂಚೆ ಕಮಿಟಿಯವರೊಬ್ಬರು ಓಡುವವರ ಹೆಸರು ಓದುವುದು ವಾಡಿಕೆ. ಪಟ್ಟಿ ಖುರ್ಷಿದ ಸಾಹೇಬರ ಕೈಯಲ್ಲಿತ್ತು. ಅವರು ಎದ್ದು ನಿಂತು, ಕೆಮ್ಮಿ, ಪಟ್ಟಿಯನ್ನು ಗುರಣ್ಣನ ಕೈಗೆ ಕೊಟ್ಟು ಕೂತುಬಿಟ್ಟರು.

ಗುರಣ್ಣ ಹೆಸರುಗಳನ್ನು ಓದಿದ. ರೇವಣಸಿದ್ದನ ಹೆಸರು ಬಂದಾಗ ನಿಲ್ಲಿಸಿ, ಜೇಬಿನಿಂದ ನಕಲು ತೆಗೆದು ಅವನ ಅರ್ಜಿಯನ್ನು ಪೂರ್ತಿ ಓದಿದ. ಎದೆಯ ಬೇನೆ ಎಂಬಲ್ಲಿ ಆಳಂದದ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು, ಯಾಕೆಂದರೆ ಜಗದೇವಪ್ಪ ಮುಂದಿನ ಸಾಲಿನಲ್ಲಿ ರುಮಾಲು ಸುತ್ತಿಕೊಂಡು ಕೂತಿದ್ದ. ಆಮೇಲೆ ಮಲ್ಕಪ್ಪನ ಅರ್ಜಿ ಓದಿದ. ತಂದೆಯ ಸಾವಿನ ತಾರೀಖು, ಊರು ಬಿಟ್ಟ ತಾರೀಖು, ಶಾಲೆ ಸೇರಿದ ತಾರೀಖು.

"ಮೊದಲನೇದು ಮಂಜೂರ, ಎರಡನೇದು ನಾಮಂಜೂರ. ಕಾರಣ ಬರದಿಲ್ಲ" ಎಂದ. "ಇದರ ಕೆಳಗ ನನ್ನ ಸಹಿ ಅದ. ಅವತ್ತು ನಾ ಬಾಯಿ ಬಿಡಲಿಲ್ಲ. ನನ್ನ ಮಾತು ನಡೀಲಿಲ್ಲ ಅಂತ ಆ ಹುಡುಗಗ ಸುಳ್ಳು ಹೇಳೇನಿ. ಕಾರಣ ಏನಂತ ಅಧ್ಯಕ್ಷರು ಎಲ್ಲಾರ ಮುಂದ ಹೇಳಲಿ."

ಗದ್ದಲ ಎದ್ದಿತು. ಜಗದೇವಪ್ಪ ಎದ್ದು ನಿಂತ, ಯಾರೋ ಕೂಡಿಸಿದರು. ಕಲ್ಯಾಣಪ್ಪ ಮಾತ್ರ ಸಾವಕಾಶವಾಗಿ ಮುಂದೆ ಬಂದು ಕೈ ಎತ್ತಿದ. "ಮಾಸ್ತರ ಹೇಳಿದ್ದು ಬರೋಬ್ಬರಿ ಅದ. ಒಬ್ಬರಿಗೊಂದು ನ್ಯಾಯ ಬ್ಯಾಡ. ಇಬ್ಬರಿಗೂ ಆರು ತಿಂಗಳು ಆಗಿಲ್ಲ, ಇಬ್ಬರದೂ ರದ್ದು" ಎಂದ.

ಜನ ಚಪ್ಪಾಳೆ ತಟ್ಟಿದರು. ಗುರಣ್ಣನಿಗೆ ಒಂದು ಕ್ಷಣ ತಾನು ಗೆದ್ದೆನೋ ಸೋತೆನೋ ತಿಳಿಯಲಿಲ್ಲ. ಅವನು ಬಾಯಿ ತೆರೆಯುವುದರೊಳಗೆ ಓಟದ ಸೀಟಿ ಊದಿ ಆಗಿತ್ತು.

ಇಬ್ಬರೂ ಇಲ್ಲದ ಓಟವನ್ನು ಅಫಜಲಪುರದ ಒಬ್ಬ ದಪ್ಪ ಕಾಲಿನ ಹುಡುಗ ಏದುಸಿರು ಬಿಡುತ್ತ ಗೆದ್ದ. ರೇವಣಸಿದ್ದ ಒಂದು ಬಂಡಿಯ ಹಿಂದೆ ಮುಖ ಮುಚ್ಚಿಕೊಂಡು ಕೂತಿದ್ದ. ಅರ್ಜಿ ಬರೆದವನು ಅವನಲ್ಲ, ಅವನಪ್ಪ. ಹುಡುಗ ತಿಂಗಳುಗಟ್ಟಲೆ ಓಡಿ ಓಡಿ ಪಾದ ಒಡೆದುಕೊಂಡಿದ್ದ.

ಮಲ್ಕಪ್ಪ ಅಂಗಿಗಳ ರಾಶಿಯ ಹತ್ತಿರ ನಿಂತಿದ್ದ. ಗುರಣ್ಣ ಹತ್ತಿರ ಹೋದಾಗ ಕಣ್ಣೆತ್ತಿ ನೋಡಿದ. ಈ ಸಲ ದನಿಯಲ್ಲಿ ಸಿಟ್ಟಿತ್ತು.

"ನಾ ಓಡ್ತೇನಿ ಅಂದಿದ್ದೆರಿ. ಅವನ್ನ ನಿಲ್ಲಸ್ರಿ ಅಂದಿದ್ದಿಲ್ಲ."

"ನಾ ಹಿಂಗ ಆಗ್ಲಿ ಅಂತ ಓದಲಿಲ್ಲೋ, ಮಲ್ಕಪ್ಪ."

"ಗೊತ್ತದರಿ. ಆದ್ರ ಅವನ ಕಾರಣ ಸುಳ್ಳು, ನಂದು ಖರೆ. ಎರಡೂ ಒಂದ ತಕ್ಕಡ್ಯಾಗ ಹಾಕಿದ್ರು, ಮಂದಿ ಚಪ್ಪಾಳಿ ಹೊಡದ್ರು." ಅವನು ಬಗ್ಗಿ ಅಂಗಿಗಳನ್ನು ಒಂದೊಂದಾಗಿ ಝಾಡಿಸತೊಡಗಿದ. ಮುಖ ತಿರುಗಿಸದೆ, "ಅವ್ವಗ ಹೇಳ್ತೇನಿ. ತಪ್ಪು ನಂದಲ್ಲಂತ ಐನೂರು ಮಂದ್ಯಾಗ ಓದಿದ್ರು ಅಂತ" ಎಂದ.

ಅಂಬುಬಾಯಿಗೆ ಅಷ್ಟು ಸಾಕಾಯಿತು. ಗುರಣ್ಣನಿಗೆ ಸಾಕಾಗಲಿಲ್ಲ. ಅವನ ಕಾಯಂ ಕಾಗದ ಆ ವರ್ಷ ಬರಲಿಲ್ಲ, ಮರುವರ್ಷವೂ ಇಲ್ಲ. ಆದರೆ ಮೂರು ಊರಿನ ಮಂದಿಯ ಮುಂದೆ ಆದ ಗದ್ದಲ ಕಮಿಟಿಯವರನ್ನೂ ಸುಮ್ಮನೆ ಕೂರಗೊಡಲಿಲ್ಲ. ಬೇಸಿಗೆಯಲ್ಲಿ ಖುರ್ಷಿದ ಸಾಹೇಬರು ಹೊಸ ರಿಜಿಸ್ಟರು ಹೊಲಿಸಿ, ತಾವೇ ಗೆರೆ ಎಳೆದು ನಾಲ್ಕು ಅಂಕಣ ಮಾಡಿದರು. ಶಾಲೆ ಯಾಕೆ ಬದಲಿಸಿದ, ಕಮಿಟಿ ಏನು ಹೇಳಿತು, ಯಾಕೆ ಹೇಳಿತು, ಒಪ್ಪದವರು ಯಾರು. ಪಂದ್ಯದ ಹದಿನೈದು ದಿನ ಮೊದಲು ಮೂರೂ ಶಾಲೆಯ ಬಾಗಿಲಿಗೆ ನಕಲು ಅಂಟಿಸಬೇಕು, ತಕರಾರಿದ್ದವರು ಬಂದು ಹೇಳಬೇಕು ಎಂದೂ ಬರೆದರು. ಕಲ್ಯಾಣಪ್ಪ ಸಹಿ ಹಾಕಿದ. ಹಾಕದಿದ್ದರೆ ಆಳಂದದವರು ಪಂದ್ಯಕ್ಕೇ ಬರುವುದಿಲ್ಲ ಎಂದು ಸಾಹೇಬರು ಹೇಳಿದ್ದರಂತೆ. ಬೋರ್ಡಿಂಗಿನಲ್ಲಿ ಯಾರು ಎಲ್ಲಿ ಕೂತು ಉಣ್ಣಬೇಕು ಎಂಬುದಕ್ಕೆ ಮಾತ್ರ ಆ ರಿಜಿಸ್ಟರಿನಲ್ಲಿ ಜಾಗವಿರಲಿಲ್ಲ.

ಮಲ್ಕಪ್ಪ ನಡುವೆ ಎರಡು ತಿಂಗಳು ಶಾಲೆ ಬಿಟ್ಟಿದ್ದ. ಇಜೇರಿಯಲ್ಲಿ ಸುಗ್ಗಿಯ ಕೂಲಿ ಮುಗಿಸಿ ಮತ್ತೆ ಬಂದ. ಮರುವರ್ಷದ ಓಟಕ್ಕೆ ಅವನಿಗೂ, ರೇವಣಸಿದ್ದನಿಗೂ ಯಾರ ರಿಯಾಯಿತಿಯೂ ಬೇಕಾಗಲಿಲ್ಲ. ಇಬ್ಬರೂ ಓಡಿದರು. ಮೂರು ಸುತ್ತು ಮಲ್ಕಪ್ಪ ಮುಂದಿದ್ದ. ಕೊನೆಯ ಸುತ್ತಿನಲ್ಲಿ ರೇವಣಸಿದ್ದ ಹೊರಗಿನಿಂದ ಬಂದು, ನಾಲ್ಕು ಹೆಜ್ಜೆಯ ಅಂತರದಲ್ಲಿ ಗೆದ್ದ.

ಗುರಣ್ಣ ಗಿಡದ ನೆರಳಿಗೆ ಹೋದಾಗ ಮಲ್ಕಪ್ಪ ಅವ್ವ ತಂದ ರೊಟ್ಟಿ ತಿನ್ನುತ್ತ ಕೂತಿದ್ದ. ಅಂಬುಬಾಯಿ ಎದ್ದು ದೂರ ಸರಿದು ನಿಂತಳು.

"ಶುರುವಾತಿಗೆ ಜೋರು ಮಾಡಿಬಿಟ್ಟೆರಿ. ಕಡೀಕ ಉಸಿರು ಉಳೀಲಿಲ್ಲ" ಎಂದ ಮಲ್ಕಪ್ಪ. "ಅವ ಚಲೋ ಓಡಿದ."

"ಹೋದ ವರ್ಷ ಓಡಿದ್ರ ನೀ ಗೆಲ್ತಿದ್ದಿ."

"ಗೆಲ್ತಿದ್ದೆನೇನೋರಿ." ತುತ್ತು ನುಂಗಿ, ಕೈ ಒರೆಸಿಕೊಂಡ. "ಪ್ರೈಮರಿ ಮಾಸ್ತರಕಿ ಪರೀಕ್ಷಾಕ್ಕ ಕೂಡಬೇಕಂತ ಮಾಡೇನಿ. ನಡತಿ ಪತ್ರ ಬೇಕರಿ. ನೀವು ಬರದು ಕೊಡ್ತೀರೇನು?"

ಗುರಣ್ಣ ಅಲ್ಲೇ ನೆಲದ ಮೇಲೆ ಕೂತು, ಮೊಣಕಾಲ ಮೇಲೆ ಕಾಗದವಿಟ್ಟು ಬರೆದ. ಮೊದಲನೆಯದನ್ನು ಹರಿದ. ಎರಡನೆಯದನ್ನು ಮಡಚಿ ಕೊಡಲು ಹೋದವನು, ಏನನ್ನಿಸಿತೋ, ಬಿಚ್ಚಿಯೇ ಕೊಟ್ಟ. ಮಲ್ಕಪ್ಪ ತುಟಿ ಅಲ್ಲಾಡಿಸುತ್ತ ಮೇಲಿಂದ ಕೆಳಗಿನವರೆಗೂ ಓದಿದ.

"ಇಲ್ಲಿ 'ಪಾಪ, ದಿಕ್ಕಿಲ್ಲದ ಹುಡುಗ' ಅಂತ ಬರದೀರಿ. ಅದನ್ನ ತಗದ ಬಿಡ್ರಿ."

ಗುರಣ್ಣ ಕಾಗದ ವಾಪಸು ತೆಗೆದುಕೊಂಡು ಆ ಸಾಲಿನ ಮೇಲೆ ಗೆರೆ ಎಳೆದ. ನೋಡಿದರೆ ಕೆಳಗಿನ ಅಕ್ಷರ ಇನ್ನೂ ಕಾಣುತ್ತಿದ್ದವು. ಮೂರನೆಯ ಕಾಗದ ತೆಗೆದು ಮತ್ತೆ ಮೊದಲಿನಿಂದ ಬರೆಯತೊಡಗಿದ.